ಐದು ದಿನದ ಅಕ್ಕ

ನಮ್ಮೂರಲ್ಲಿ ವಯಸ್ಸು ತಾನಾಗಿ ಬರುವುದಿಲ್ಲ. ಯಾರಾದರೂ ಕೂತು ತಂದುಕೊಡಬೇಕು. ಹುಟ್ಟಿದ ದಿನ ಬಂತೆಂದರೆ ಮಣೆ ಹಾಕಿಕೊಂಡು ಕೂರುತ್ತೇವೆ. ನಾವು ಹುಟ್ಟಿದ್ದನ್ನು ಕಣ್ಣಾರೆ ಕಂಡವರೊಬ್ಬರು ಎದುರಿಗೆ ಕೂತು ಆ ದಿನದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ನಮಗೊಂದು ಬಿಕ್ಕಳಿಕೆ ಬರುತ್ತದೆ. ಬಂತೋ, ವರ್ಷ ಒಳಗಿಳಿಯಿತು ಅಂತ ಅರ್ಥ. ಒಂದು ಲೋಟ ನೀರು ಕುಡಿದು ಪಾಯಸಕ್ಕೆ ಏಳಬಹುದು. ಬರಲಿಲ್ಲವೋ, ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ. ಬೇರೆ ಊರುಗಳಲ್ಲಿ ಬಿಕ್ಕಳಿಸಿದರೆ ಯಾರೋ ನೆನೆಸಿಕೊಂಡರು ಅನ್ನುತ್ತಾರಂತೆ. ನಮ್ಮಲ್ಲಿ ಯಾರಾದರೂ ನೆನೆಸಿಕೊಂಡರೆ ಮಾತ್ರ ಬಿಕ್ಕಳಿಕೆ.

ಹೀಗೆ ಕಥೆ ಹೇಳುವವರನ್ನು ನಾವು ‘ಕಂಡವರು’ ಅನ್ನುತ್ತೇವೆ. ಕಂಡವರ ಮಾತು ಕೇಳಿ ಕೆಟ್ಟವರು ಬೇರೆಡೆ ಇರಬಹುದು. ನಮ್ಮೂರಲ್ಲಿ ಕಂಡವರ ಮಾತು ಕೇಳದೆ ಬೆಳೆದವರಿಲ್ಲ. ಕೇಳಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ನಡೆಯುವುದಿಲ್ಲ. ಸೂಲಗಿತ್ತಿ ಸಿದ್ಲಿಂಗಮ್ಮ ಸಾಯುವ ಮೊದಲು ಅವಳಿಂದ ನಲವತ್ತು ಜನರ ಕಥೆಯನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಮುಂದಿನ ವರ್ಷ ಹಾಕಿ ಕೇಳಿದರೆ ನಲವತ್ತು ಜನಕ್ಕೂ ಬಂದದ್ದು ಆಕಳಿಕೆ.

ವಯಸ್ಸು ನಿಲ್ಲುವುದೆಂದರೆ ನಿಮಗೆ ಬಾಯಲ್ಲಿ ನೀರೂರಬಹುದು. ಊರಿದವರನ್ನು ನಾನೂ ಕಂಡಿದ್ದೇನೆ. ನಿಂತ ನೀರು ಕೊಳೆಯುತ್ತದೆ, ನಿಂತ ವಯಸ್ಸು ಹೊಳೆಯುತ್ತದೆ ಎಂದು ನಮ್ಮ ಹೆಂಗಸರು ನಲವತ್ತರ ಹೊಸ್ತಿಲಲ್ಲಿ ತಮ್ಮ ಕಂಡವರನ್ನು ಕಾಶಿಗೋ ರಾಮೇಶ್ವರಕ್ಕೋ ಕಳಿಸಿ, ಹುಟ್ಟುಹಬ್ಬ ಕಳೆದ ಮೇಲೆ ‘ಈಗ ಬನ್ನಿ’ ಅನ್ನುವುದುಂಟು. ಆದರೆ ಬಸ್ಸಿನ ಕಂಡಕ್ಟರ್ ಪರಮಶಿವನನ್ನು ಕೇಳಿ. ಅವನ ಕಂಡವರೆಲ್ಲ ಬೇಗ ಹೋಗಿಬಿಟ್ಟರು. ಹದಿನೆಂಟು ವರ್ಷದಿಂದ ಅವನಿಗೆ ಮೂವತ್ತೊಂದೇ. ಮೊದಮೊದಲು ಕ್ರಾಪು ತಿದ್ದಿಕೊಂಡು ಮೆರೆದ. ಈಗ ಮಗಳಿಗೆ ಮೂವತ್ತೆರಡು. ಸಂಜೆ ಏಳಾದ ಮೇಲೆ ಮನೆಗೆ ಹೋದರೆ ಅವಳು ಬಾಗಿಲಲ್ಲಿ ನಿಂತು, “ಎಲ್ಲಿದ್ಯಪ್ಪಾ ಇಷ್ಟೊತ್ತು, ಯಾರ ಜೊತೆ?” ಎಂದು ಕೇಳುತ್ತಾಳೆ. ಅವನು ತಲೆ ತಗ್ಗಿಸಿಕೊಂಡು ಕಾಲು ತೊಳೆಯುತ್ತಾನೆ.

ಹೀಗೆ ಚಿಕ್ಕವರು ದೊಡ್ಡವರನ್ನು ಹಿಂದೆ ಹಾಕುವುದಕ್ಕೆ ‘ದಾಟು’ ಎಂದು ಹೆಸರು. ಒಡಹುಟ್ಟಿದವರಲ್ಲಿ ದಾಟು ಆದರೆ ಬೀದಿಗೆಲ್ಲ ಊಟ. ದಾಟಿಸಿಕೊಂಡವರು ದಾಟಿದವರ ಕಾಲಿಗೆ ಬೀಳಬೇಕು. ಅದೂ ಹೋಗಲಿ ಅನ್ನಬಹುದು. ಆದರೆ ಆವತ್ತಿನಿಂದ ಹಳೆಯ ಕರೆ ಬಾಯಿಂದ ಹೊರಡುವುದೇ ಇಲ್ಲ. ಅಣ್ಣ ಎಂದು ಕರೆಯಲು ಹೋದರೆ ನಾಲಿಗೆ ತಾನೇ ಹೊರಳಿ ‘ತಮ್ಮ’ ಅನ್ನುತ್ತದೆ. ನಮ್ಮ ಹಿಂದಿನ ಬೀದಿಯ ಅವಳಿ-ಜವಳಿಯಂಥ ಇಬ್ಬರು ಅಣ್ಣತಮ್ಮಂದಿರು ದಾಟಾದ ಮೇಲೆ ಮೂರು ತಿಂಗಳು ಮಾತೇ ಆಡಲಿಲ್ಲ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ‘ಮಾರಾಯ’ ಎಂದು ಕರೆದುಕೊಂಡು ಬದುಕಿದರು.

ಈಗ ನನ್ನ ಕಥೆಗೆ ಬರುತ್ತೇನೆ. ನಾನು ತಿಪ್ಪೇಶಿ, ಟೈಲರ್. ನನಗೆ ಐವತ್ತೆಂಟು. ನನ್ನ ಅಕ್ಕ ದ್ಯಾಮಕ್ಕನಿಗೂ ಐವತ್ತೆಂಟು. ಹುಟ್ಟಿದಾಗ ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಹುಟ್ಟನ್ನು ಕಂಡವರಲ್ಲಿ ಕೊನೆಗೆ ಉಳಿದಿದ್ದವನು ನಮ್ಮ ಸೋದರಮಾವ ಕೆಂಚಪ್ಪ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಅಕ್ಕ ಅಲ್ಲೇ ನಿಂತಳು. ನಾನು ಮಾತ್ರ ವರ್ಷಕ್ಕೊಂದು ಮೆಟ್ಟಿಲು ಹತ್ತಿ ಅವಳ ಪಕ್ಕಕ್ಕೆ ಬಂದು ನಿಂತೆ. ನನ್ನನ್ನು ಹತ್ತಿಸುತ್ತಿದ್ದವಳು ಬೇರೆ ಯಾರೂ ಅಲ್ಲ, ಅವಳೇ.

ಅದಕ್ಕೆ ಕಾರಣ ನಮ್ಮೂರ ಇನ್ನೊಂದು ಪದ್ಧತಿ. ಹೆರಿಗೆ ಕೋಣೆಯ ಬಾಗಿಲಲ್ಲಿ ಮನೆಯ ಒಂದು ಚಿಕ್ಕ ಮಗುವನ್ನು ನಿಲ್ಲಿಸುತ್ತೇವೆ. ಮುದುಕಿಯರು ಕಂಡರೆ ಬಾಳಿಕೆ ಎಷ್ಟು ದಿನ? ಮಗು ಕಂಡರೆ ಗಟ್ಟಿ. ಮಗು ಓಡಿಹೋಗದಿರಲಿ ಎಂದು ಕೈಗೊಂದು ಅಚ್ಚು ಬೆಲ್ಲ ಕೊಡುತ್ತೇವೆ. ನಾನು ಹುಟ್ಟಿದಾಗ ಬಾಗಿಲಲ್ಲಿ ಬೆಲ್ಲ ಹಿಡಿದು ನಿಂತಿದ್ದವಳು ನಾಲ್ಕು ವರ್ಷದ ದ್ಯಾಮಿ. ಅವ್ವ ನನಗೆ ಐದು ತುಂಬುವ ಮೊದಲೇ ಹೋದಳು. ಅಲ್ಲಿಂದ ನನಗೆ ಮುದ್ದೆ ನುಂಗಿಸಿದವಳು, ಮೂಗು ಒರೆಸಿದವಳು, ಮದುವೆ ಮಾಡಿದವಳು ಎಲ್ಲ ಅಕ್ಕನೇ. ತಾನು ಮದುವೆಯಾಗಲಿಲ್ಲ. ಕೇಳಿದವರಿಗೆ “ಒಂದು ಗಂಡು ಸಾಕಿದ್ದು ಸಾಕು” ಅನ್ನುತ್ತಿದ್ದಳು. ಬೀದಿಯ ಹುಡುಗರಿಗೆ, ಸೊಪ್ಪು ಮಾರುವವಳಿಗೆ, ಅಂಗಡಿಗೆ ಬರುವ ಗಿರಾಕಿಗಳಿಗೆ, ಎಲ್ಲರಿಗೂ ಅವಳು ಅಕ್ಕ. ಆ ಹೆಸರಿಗೆ ಮೂಲ ನಾನು. ನಾನು ಅಕ್ಕ ಅನ್ನುವುದನ್ನು ನಿಲ್ಲಿಸಿದರೆ ಬೀದಿಯೂ ನಿಲ್ಲಿಸುತ್ತದೆ.

ಹೋದ ವರ್ಷ ಇಬ್ಬರಿಗೂ ಐವತ್ತೆಂಟಾದಾಗ ಸ್ವಲ್ಪದರಲ್ಲಿ ಉಳಿದೆವು. ಅವಳ ಹುಟ್ಟಿದ ದಿನ ನನ್ನದಕ್ಕಿಂತ ಐದು ದಿನ ಮೊದಲು. ವರ್ಷ ಸಮವಾದರೆ ದಿನ ನೋಡಬೇಕೆಂಬುದು ಪದ್ಧತಿ. ಹಾಗಾಗಿ ಅವಳು ಐದು ದಿನದಿಂದ ಅಕ್ಕನಾಗಿ ಉಳಿದುಕೊಂಡಳು. ಈ ವರ್ಷ ನನಗೆ ಐವತ್ತೊಂಬತ್ತಾದರೆ ಮುಗಿಯಿತು, ನಾನು ಅಣ್ಣ.

ನನ್ನ ಹೆಂಡತಿ ಸರ್ವಮಂಗಳ ತಿಂಗಳ ಮೊದಲೇ ದಾಟಿನ ಊಟಕ್ಕೆ ಬೇಳೆ ಆರಿಸಲು ಶುರು ಮಾಡಿದಳು.

“ಈ ವರ್ಷ ನಾನು ಮಣೆ ಮೇಲೆ ಕೂರಲ್ಲ ಕಣೇ” ಎಂದೆ.

“ಕೂರ್ಬೇಡಿ” ಎಂದಳು ಮೊರದಿಂದ ತಲೆ ಎತ್ತದೆ. “ನನಗೀಗ ಐವತ್ತೇಳು. ನಮ್ಮಮ್ಮ ಗುಂಡುಕಲ್ಲಿನ ಹಂಗೆ ಇದ್ದಾಳೆ, ವರ್ಷ ವರ್ಷ ಬಂದು ಹೇಳ್ತಾಳೆ. ಇನ್ನೆರಡು ವರ್ಷಕ್ಕೆ ನಾನು ನಿಮಗಿಂತ ದೊಡ್ಡೋಳು. ಆಮೇಲೆ ನಿಮ್ಮನ್ನ ‘ರೀ’ ಅನ್ನಲ್ಲ. ಏನು ಅಂತೀನೋ ನನ್ನ ನಾಲಿಗೆನೇ ಹೇಳ್ಬೇಕು.”

“ಈಗೇನು ಕಮ್ಮಿ ಅಂತೀಯ.”

“ಈಗ ಮನಸ್ಸಲ್ಲಿ ಅಂತೀನಿ” ಎಂದಳು. ಆಮೇಲೆ ದನಿ ತಗ್ಗಿಸಿ, “ನಂಗೂ ಬೇಜಾರಿಲ್ಲ ಅಂದ್ಕೋಬೇಡಿ. ಮೂವತ್ತು ವರ್ಷದಿಂದ ಅತ್ತಿಗೆ ಅಂತಿದ್ದೀನಿ. ನಾಳೆ ನಾದಿನಿ ಅಂದ್ರೆ ಅವರು ತಿರುಗಿ ನೋಡ್ತಾರಾ?” ಎಂದಳು.

ಅಕ್ಕನ ಮುಂದೆ ಈ ಮಾತು ತೆಗೆಯಲು ನನಗೆ ಎರಡು ವಾರ ಬೇಕಾಯಿತು. ನನ್ನ ಹುಟ್ಟುಹಬ್ಬಕ್ಕೆ ಇನ್ನು ಆರು ದಿನ ಇತ್ತು, ಅಂದರೆ ಅವಳದಕ್ಕೆ ಒಂದೇ ದಿನ. ಮಧ್ಯಾಹ್ನದ ಊಟ ಮುಗಿಸಿ ಅವಳು ಎಂದಿನಂತೆ ಅಂಗಡಿಗೆ ಬಂದು, ಬಾಗಿಲ ಬೆಳಕಿಗೆ ಸ್ಟೂಲು ಎಳೆದುಕೊಂಡು, ಯಾರದೋ ಶರ್ಟಿಗೆ ಗುಂಡಿ ತೂರಿಸುವ ಕಾಜಾ ಹಾಕುತ್ತ ಕೂತಿದ್ದಳು. ನಾನು ಮಷಿನ್ನು ನಿಲ್ಲಿಸಿದೆ.

“ಅಕ್ಕಾ, ಈ ಸಲ ನನ್ನ ಕಥೆ ಮರೆತುಬಿಟ್ಟೆ ಅಂತ ಹೇಳಿಬಿಡು. ವಯಸ್ಸಾಯ್ತು, ಮರೆವು ಅಂದ್ರೆ ಜನ ಒಪ್ತಾರೆ.”

“ಐವತ್ತೆಂಟಕ್ಕೆ ಎಂಥ ಮರೆವೋ” ಎಂದಳು. “ನಾಲ್ಕು ವರ್ಷದಿಂದ ಐವತ್ತೆಂಟು ಇದ್ದೋಳಿಗೆ ಮರೆವು ಬರಕ್ಕೂ ದಾರಿ ಇಲ್ಲ.”

“ನಾನು ಊರಲ್ಲಿರಲ್ಲ. ಬಟ್ಟೆ ತರಕ್ಕೆ ಹೋಗ್ತೀನಿ.”

“ಹೋಗು. ನಾನು ಬಸ್ಸಲ್ಲಿ ಪಕ್ಕದಲ್ಲೇ ಕೂತು ಹೇಳ್ತೀನಿ. ನೋಡೋ ತಿಪ್ಪಾ, ಅಕ್ಕ ಅನ್ನಿಸ್ಕೊಳ್ಳೋ ಆಸೆಗೆ ತಮ್ಮನ ವರ್ಷ ತಡೆದ್ಲು ಅಂತ ನನ್ನ ಹೆಣದ ಮುಂದೆ ಆಡ್ಕೊಳ್ಳೋದು ಬೇಡ. ನಿನ್ನ ವರ್ಷ ನಿನಗೆ. ಅಣ್ಣ ಅಂತೀನಿ ಬಿಡು, ಏನೀಗ.”

ಏನೀಗ ಅಂದ ಮೇಲೆ ಅವಳು ಕಾಜಾ ಹಾಕಿದ್ದು ಗುಂಡಿ ಹೊಲಿಯುವ ಕಡೆಗೆ. ಮೂವತ್ತು ವರ್ಷದಲ್ಲಿ ಆ ತಪ್ಪು ಅವಳಿಂದ ಆಗಿರಲಿಲ್ಲ. ನಾನು ನೋಡಿದೆ, ಅವಳೂ ನೋಡಿದಳು.

“ಮರೆತೆ ಅನ್ನಕ್ಕೆ ನಿನಗೇನು ಕಷ್ಟ?” ಎಂದು ನಾನು ಮತ್ತೆ ಕೆದಕಿದೆ.

ಅವಳು ದಾರವನ್ನು ಹಲ್ಲಿನಿಂದ ಕತ್ತರಿಸಿ, ಬೀದಿಯ ಕಡೆ ಒಮ್ಮೆ ನೋಡಿ, ಶರ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು. “ಮರೆಯಕ್ಕೆ ನೋಡಿರಬೇಕಲ್ಲೋ” ಎಂದಳು.

ನನಗೆ ಅರ್ಥವಾಗಲಿಲ್ಲ. ಆಗ ಅವಳು ಹೇಳಿದ್ದನ್ನು ತಿಳಿಯಬೇಕಾದರೆ ನನ್ನ ಹುಟ್ಟಿನ ಕಥೆ ನಿಮಗೆ ಗೊತ್ತಿರಬೇಕು. ವರ್ಷ ವರ್ಷ ಅವಳು ಹೇಳುತ್ತಿದ್ದದ್ದು ಹೀಗೆ: “ಸಂಜೆ, ಹಾಲು ಕರೆಯೋ ಹೊತ್ತು. ಮೊದ್ಲು ಎರಡು ಕಾಲು ಬಂತು, ಆಮೇಲೆ ಮೂಗು. ಮೈಯೆಲ್ಲ ಹಬೆ ಆಡ್ತಿತ್ತು. ಹಣೆ ಮೇಲೆ ಬಿಳೀ ಬೊಟ್ಟು. ಒಂದು ಗಂಟೆಗೆಲ್ಲ ಎದ್ದು ನಿಂತ, ಬಿದ್ದ, ಮತ್ತೆ ಎದ್ದ.” ಅಕ್ಕನ ಅಕ್ಕರೆ ಸ್ವಲ್ಪ ಉಬ್ಬಿಸಿ ಹೇಳುತ್ತದೆ ಎಂದು ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ನಂಬಿದ್ದೆ. ಹುಟ್ಟಿದ ಗಂಟೆಗೆ ಎದ್ದು ನಿಂತವನು ನಾನು ಎಂದು ಸ್ಕೂಲಿನಲ್ಲಿ ಹೇಳಿಕೊಂಡು, ಡ್ರಿಲ್ ಮೇಷ್ಟ್ರು ಓಟಕ್ಕೆ ಸೇರಿಸಿದಾಗ ಕೊನೆಯವನಾಗಿ ಬಂದಿದ್ದೆ. ಹಣೆಯ ಬಿಳೀ ಬೊಟ್ಟನ್ನು ಎಷ್ಟೋ ದಿನ ಕನ್ನಡಿಯಲ್ಲಿ ಹುಡುಕಿದ್ದೆ.

“ಬಾಗಿಲಲ್ಲಿ ನಿಲ್ಸಿದ್ರು” ಎಂದಳು ಅಕ್ಕ. “ಬೆಲ್ಲ ಕೊಟ್ರು. ಬೆಲ್ಲ ತಿಂದಾಯ್ತು, ನೀನು ಬರ್ಲಿಲ್ಲ. ಎಷ್ಟೊತ್ತು ಅಂತ ನಿಲ್ಲೋದು? ಹಿತ್ತಲ ಕಡೆ ಹೋದೆ. ಅಲ್ಲಿ ಪಕ್ಕದ ಮನೆಯೋರ ಎಮ್ಮೆ ಕರು ಹಾಕ್ತಿತ್ತು. ಅದನ್ನ ಪೂರ್ತಿ ನೋಡ್ಕೊಂಡು ಓಡಿ ಬಂದೆ. ಅಷ್ಟರಲ್ಲಿ ನೀನು ಬಟ್ಟೆ ಸುತ್ಕೊಂಡು ಮಲಗಿದ್ದೆ. ‘ನೋಡ್ದೇನೇ?’ ಅಂತ ಅವ್ವ ಕೇಳಿದ್ಲು. ‘ನೋಡ್ದೆ’ ಅಂದೆ. ಏನೋ ಒಂದು ನೋಡಿದ್ದಂತೂ ಸುಳ್ಳಲ್ಲ.”

ನಾನು ಅಳತೆಯ ಟೇಪನ್ನು ಕೊರಳಿಂದ ತೆಗೆದು ಮಷಿನ್ನಿನ ಮೇಲೆ ಇಟ್ಟೆ.

“ಅಂದ್ರೆ ಇಷ್ಟು ವರ್ಷ ನಾನು ಎಮ್ಮೆ ಕರುವಿನ ಹುಟ್ಟುಹಬ್ಬ ಮಾಡ್ಕೊಂಡೆ.”

“ಕರು ಏನೋ ಚೆನ್ನಾಗಿತ್ತು.”

“ಗಂಡೋ ಹೆಣ್ಣೋ?”

“ಕೋಣ.”

ಸ್ಕೂಲಿನಲ್ಲಿ ನನ್ನನ್ನು ಕೋಣ ಎಂದೇ ಕರೆಯುತ್ತಿದ್ದ ಗಣಿತದ ಮೇಷ್ಟ್ರು ಒಬ್ಬರೇ ಸತ್ಯ ಕಂಡಿದ್ದವರು ಅನ್ನಿಸಿತು.

“ಮೊದ್ಲು ಅವ್ವ ಇದ್ಲು, ಸಿದ್ಲಿಂಗಮ್ಮ ಇದ್ಲು, ಅವರು ಹೇಳಿದ್ರು” ಎಂದು ಅಕ್ಕ ಮುಂದುವರಿಸಿದಳು. “ಅವರಿಬ್ರೂ ಹೋದ ಮೇಲೆ ನನ್ನ ಪಾಳಿ ಬಂತು. ಆವತ್ತು ಸಿಕ್ಕಿಹಾಕ್ಕೊಂಡೆ ಅಂದ್ಕೊಂಡೆ. ನೋಡಿದ್ದನ್ನೇ ಹೇಳ್ದೆ, ಎಮ್ಮೆ ಅನ್ನೋದೊಂದು ಬಿಟ್ಟು. ನೀನು ಬಿಕ್ಕಳಿಸಿದೆ. ನಂಗೆ ಎಷ್ಟು ಆಶ್ಚರ್ಯ ಆಯ್ತು ಅಂದ್ರೆ ನಿಂಗೆ ನೀರು ಕೊಡೋದನ್ನೂ ಮರೆತೆ.”

ಅವಳು ನಗುತ್ತ ತಪ್ಪು ಕಾಜಾವನ್ನು ಬಿಚ್ಚತೊಡಗಿದಳು. ನನ್ನ ತಲೆಯಲ್ಲಿ ಮಾತ್ರ ಬೇರೆ ಮಷಿನ್ನು ಓಡುತ್ತಿತ್ತು. ಕಾಣದವಳು ಹೇಳಿದ ಕಥೆಗೆ ನಾನು ಈ ವಯಸ್ಸಿನವರೆಗೆ ಬಂದಿದ್ದೇನೆ. ಹಾಗಾದರೆ ಕಾಣದವನು ಹೇಳಿದರೆ ಅವಳಿಗೆ ಒಂದು ವರ್ಷ ಯಾಕೆ ಬರಬಾರದು? ಇದ್ದದ್ದು ಒಂದೇ ತೊಡಕು. ಅವಳು ಹುಟ್ಟಿದ ದಿನ ನಾನು ಹಿತ್ತಲಲ್ಲೂ ಇರಲಿಲ್ಲ. ನಾಲ್ಕು ವರ್ಷ ದೂರದಲ್ಲಿದ್ದೆ.

ಮರುದಿನ ಅವಳ ಹುಟ್ಟಿದ ದಿನ. ನಾಲ್ಕು ವರ್ಷದಿಂದ ಆ ದಿನ ಅವಳು ಅಟ್ಟದ ಪಾತ್ರೆಯನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು, ಯಾರೂ ಮಾತಾಡಿಸುವಂತಿರಲಿಲ್ಲ. ನಾನು ಬೆಳಿಗ್ಗೆ ಎದ್ದವನೇ ನಡುಮನೆಯಲ್ಲಿ ಮಣೆ ಹಾಕಿದೆ.

“ಯಾರಿಗೋ ಅದು?” ಎಂದಳು, ಕೈಯಲ್ಲಿ ಕೊಳಗ.

“ಕೂತ್ಕೋ ಅಕ್ಕ. ಒಂದು ಸಲ.”

“ಹುಚ್ಚು ಮುಂಡೇದೇ, ನಗ್ತಾರೆ ಯಾರಾದ್ರೂ ನೋಡಿದ್ರೆ.”

“ನಗ್ಲಿ. ಕೋಣದ ವಯಸ್ಸಿನೋನು ನಾನು, ನಂಗೆ ನಾಚಿಕೆ ಇಲ್ಲ.”

ಹುಣಸೆಹಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ಕೂತಳು. ಕೂರುವಾಗ ಮುಖದಲ್ಲಿ ಎಷ್ಟು ನಂಬಿಕೆಯಿಲ್ಲದಿದ್ದರೂ ಸೀರೆಯ ನೆರಿಗೆಯನ್ನು ಸರಿಮಾಡಿಕೊಂಡಿದ್ದನ್ನು ನಾನು ಗಮನಿಸಿದೆ. ಮೊದಲು ಕೆಂಚಪ್ಪ ಮಾವ ಹೇಳುತ್ತಿದ್ದುದನ್ನೇ ಹೇಳಿದೆ. ಐವತ್ತು ಸಲ ಕೇಳಿದ್ದ ಕಥೆ. ಸೋಮವಾರ, ಬಿಸಿಲು, ಮಾವನ ಕೈಯ ಬೆಲ್ಲಕ್ಕೆ ಇರುವೆ ಹತ್ತಿದ್ದು, ಒಳಗಿಂದ ಕೀರಲು ದನಿ. ಒಂದು ಮಾತೂ ತಪ್ಪಲಿಲ್ಲ. ಮುಗಿಸಿ ಕಾದೆ. ಅವಳೂ ಕಾದಳು. ಗೋಡೆಯ ಗಡಿಯಾರ ಕೂಡ ಸ್ವಲ್ಪ ಹೊತ್ತು ಕಾದಂತೆ ಇತ್ತು. ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಕಳಿಕೆ.

“ಸಾಕು ಬಿಡು ತಿಪ್ಪಾ” ಎಂದು ಏಳಲು ಹೊರಟಳು. “ನಿನ್ನ ಮನಸ್ಸು ದೊಡ್ಡದು. ಇನ್ನೈದು ದಿನಕ್ಕೆ ನೀನೂ ದೊಡ್ಡೋನು. ಬಿಡು.”

ಅವಳ ಹೆಗಲು ಹಿಡಿದು ಕೂರಿಸಿದೆ. ಜನ್ಮದಲ್ಲಿ ಮೊದಲ ಸಲ ಅವಳನ್ನು ಹಾಗೆ ಕೂರಿಸಿದ್ದು. ಏನು ಹೇಳಬೇಕೆಂದು ಗೊತ್ತಿರಲಿಲ್ಲ; ಬಾಯಿ ತಾನೇ ತೆರೆಯಿತು.

“ನಾನು ಬಾಗಿಲಲ್ಲಿ ನಿಂತಿದ್ದೆ” ಎಂದೆ.

ಆ ಹೊತ್ತಿಗೆ ಸರಿಯಾಗಿ ಸರ್ವಮಂಗಳ ಅಡುಗೆಮನೆಯಿಂದ ಬಂದಳು. “ನೀವಾ? ನೀವು ಹುಟ್ಟೇ ಇರ್ಲಿಲ್ವಲ್ರೀ.”

“ಸುಮ್ನಿರೇ ಮಂಗಳ” ಎಂದಳು ಅಕ್ಕ. “ಹೇಳ್ಲಿ.” ಆಮೇಲೆ ನನ್ನ ಕಡೆ ತಿರುಗಿ, ಹುಡುಗರ ಸುಳ್ಳು ಹಿಡಿಯುವ ಹಳೆಯ ದನಿಯಲ್ಲಿ, “ಯಾವ ಅಂಗಿ ಹಾಕಿದ್ದೆ?” ಎಂದು ಕೇಳಿದಳು.

“ನೀಲಿ ಪಟ್ಟೆದು. ನಾನೇ ಹೊಲಿದಿದ್ದು. ಕಾಲರ್ ಸ್ವಲ್ಪ ಬಿಗಿ.”

“ಬೆಲ್ಲ?”

“ಮಾವ ಅರ್ಧ ಕಿತ್ಕೊಂಡ. ಉಳಿದರ್ಧ ತಿನ್ನಲಿಲ್ಲ, ನಿಂಗೆ ಅಂತ ಮುಷ್ಟಿಯಲ್ಲಿ ಇಟ್ಕೊಂಡೆ, ಕರಗಿ ಅಂಗಿಗೆಲ್ಲ ಆಯ್ತು. ಮಾವ ಹೋಗೋ ಹೋಗೋ ಅಂದ, ಹೋಗ್ಲಿಲ್ಲ. ಹಿತ್ತಲಲ್ಲಿ ಎಮ್ಮೆ ಅಲ್ಲ, ಆನೆ ಈಯ್ತಿದ್ರೂ ಹೋಗ್ತಿರ್ಲಿಲ್ಲ. ಎಷ್ಟೊತ್ತು ನಿಂತೆ ಅಂದ್ರೆ ಕಾಲು ಜೋಮು ಹಿಡೀತು. ಆಮೇಲೆ ನೀನು ಬಂದೆ. ಬಂದೋಳು ಅಳಲಿಲ್ಲ. ಮೊದ್ಲು ಕೋಣೆಯೆಲ್ಲ ಒಂದು ಸುತ್ತು ನೋಡ್ದೆ. ನೀರು ಇನ್ನೂ ಕಾದಿಲ್ಲ, ಬಟ್ಟೆ ಮಡಚಿಲ್ಲ, ಸಿದ್ಲಿಂಗಮ್ಮ ಎಲೆಅಡಿಕೆ ಜಗೀತಿದ್ದಾಳೆ. ಇದೇನು ಮನೆನಾ ಅನ್ನೋ ಹಂಗೆ ಹುಬ್ಬು ಗಂಟು ಹಾಕ್ಕೊಂಡೆ. ಆಮೇಲೆ ಬಾಗಿಲ ಕಡೆ ನೋಡ್ದೆ. ನನ್ನ ಮೂಗು ಸೋರ್ತಿತ್ತು. ಅದನ್ನ ನೋಡಿದ ಮೇಲೇ ನೀನು ಅತ್ತಿದ್ದು.”

ಸರ್ವಮಂಗಳ ಬಾಗಿಲಿಗೆ ಒರಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಕ್ಕ ನಗುತ್ತಿರಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು.

“ಅವ್ವ?” ಎಂದಳು.

“ಅವ್ವ ಬೆವರಿದ್ಲು. ಕೂದ್ಲು ಹಣೆಗೆ ಅಂಟಿತ್ತು. ನಿನ್ನನ್ನ ಎತ್ತಿ ಎದೆ ಮೇಲೆ ಹಾಕ್ಕೊಂಡು, ಬಾಗಿಲ ಕಡೆ ತಿರುಗಿ, ‘ತಿಪ್ಪಾ, ನೋಡೋ, ನಿನ್ನ ಅಕ್ಕ ಬಂದ್ಲು’ ಅಂದ್ಲು.”

“ಹಂಗೇ ಅಂದ್ಲಾ?”

“ಹಂಗೇ ಅಂದ್ಲು.”

“ಹೆಂಗೆ ಅಂದ್ಲು?”

ಅವ್ವನ ದನಿ ನನಗೆ ನೆನಪಿಲ್ಲ. ನನಗೆ ನೆನಪಿರುವುದು ಒಂಬತ್ತು ವರ್ಷದ ಒಬ್ಬ ಹುಡುಗಿ, ಕತ್ತಲಾದ ಮೇಲೆ ಬೀದಿಯ ತುದಿಗೆ ನಿಂತು ‘ತಿಪ್ಪಾ, ಉಣ್ಣಕ್ಕೆ ಬಾರೋ’ ಎಂದು ಕೂಗುತ್ತಿದ್ದ ದನಿ. ಆ ದನಿಯಲ್ಲೇ ಇನ್ನೊಮ್ಮೆ ಹೇಳಿದೆ. “ತಿಪ್ಪಾ, ನೋಡೋ. ನಿನ್ನ ಅಕ್ಕ ಬಂದ್ಲು.”

ಅಕ್ಕನ ಭುಜ ಒಮ್ಮೆ ಕುಲುಕಿತು. ನಾನು ಅಳು ಎಂದುಕೊಂಡೆ. ಇನ್ನೊಮ್ಮೆ ಕುಲುಕಿ ಗಂಟಲಿಂದ ‘ಹಿಕ್’ ಎಂದಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸರ್ವಮಂಗಳ ನೀರು ತರಲು ಓಡಿ, ಬರಿಗೈಯಲ್ಲಿ ವಾಪಸು ಬಂದು, ಮತ್ತೆ ಓಡಿದಳು. ಅಕ್ಕ ಎರಡು ಲೋಟ ಕುಡಿದಳು. ನಾಲ್ಕು ವರ್ಷ ಬಾಯಾರಿದ್ದವಳಲ್ಲವೇ.

“ಯಾರಿಗೂ ಹೇಳ್ಬೇಡಿ” ಎಂದಳು ಉಸಿರು ತಿರುಗಿದ ಮೇಲೆ. “ಸುಳ್ಳು ಹೇಳಿದ್ರೆ ವಯಸ್ಸು ಬರುತ್ತೆ ಅಂತ ಗೊತ್ತಾದ್ರೆ ಈ ಊರಲ್ಲಿ ನಾಳೆಗೇ ಎಲ್ಲ ಮುದುಕರಾಗೋಗ್ತಾರೆ.”

“ಆ ಬೇಳೆ ಏನು ಮಾಡ್ಲಿ ಅತ್ತಿಗೆ?” ಎಂದು ಸರ್ವಮಂಗಳ ಕೇಳಿದಳು. ಅತ್ತಿಗೆ ಎಂಬ ಮಾತಿನ ಮೇಲೆ ಸ್ವಲ್ಪ ಹೆಚ್ಚೇ ಒತ್ತು ಹಾಕಿದಳು.

“ಹೋಳಿಗೆ ಮಾಡು. ಹೂರಣ ನಾನು ನೋಡ್ತೀನಿ, ನಿಂಗೆ ಬೆಲ್ಲದ ಹದ ಗೊತ್ತಾಗಲ್ಲ.”

ಸಂಜೆ ಅಂಗಡಿಯಲ್ಲಿ ಇಬ್ಬರೂ ಎಂದಿನಂತೆ ಕೂತೆವು. ವರ್ಷ ಬರುವಾಗ ಬರಿಗೈಯಲ್ಲಿ ಬಂದರೂ ಹೋಗುವಾಗ ಹಾಗೆ ಹೋಗುವುದಿಲ್ಲ. ಮೈಯಿಂದ ಏನಾದರೊಂದನ್ನು ಒಯ್ಯುತ್ತದೆ. ಅಕ್ಕನಿಂದ ಏನು ಒಯ್ದಿತೋ ಎಂದು ನಾನು ಓರೆಗಣ್ಣಿಂದ ನೋಡುತ್ತಿದ್ದೆ. ಮಂಡಿ ಸರಿಯಿತ್ತು, ಹಲ್ಲೂ ಇದ್ದವು, ಕೂದಲು ಇದ್ದಷ್ಟೇ ಕಪ್ಪಿತ್ತು. ಅವಳು ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಚುಚ್ಚಿದಳು. ದಾರ ಪಕ್ಕಕ್ಕೆ ಹೋಯಿತು. ಸೂಜಿಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಇನ್ನೂ ಎರಡು ಸಲ ಚುಚ್ಚಿದಳು. ಆಮೇಲೆ ಸೂಜಿ ದಾರ ಎರಡನ್ನೂ ನನ್ನ ಮುಂದೆ ಚಾಚಿದಳು.

“ಪೋಣಿಸಿಕೊಡೋ.”

ನಾನು ಕನ್ನಡಕ ಹಣೆಗೇರಿಸಿದೆ, ಇಳಿಸಿದೆ. “ನಂಗೂ ಸರಿಯಾಗಿ ಕಾಣಲ್ಲ ಅಕ್ಕ.”

“ಕಾಣದೆ ಏನು, ನನಗಿಂತ ಚಿಕ್ಕೋನು ನೀನು” ಎಂದಳು. “ಇನ್ನೂ ಐದು ದಿನ ಐತೆ ನಿನಗೆ. ಸುಮ್ನೆ ಪೋಣಿಸು.”